ಅಯ್ಯನಕೆರೆಗೆ ಜಾಗ

ಸೈಕಲ್ಲಿಗೆ ಕಟ್ಟಿದ ನನ್ನ ಜಿಪಿಎಸ್ ಡಬ್ಬಿಯಲ್ಲಿ ಜಾಗ ಬಲು ಕಡಿಮೆ. ಬೀರೂರಿನಿಂದ ಹೊರಟು ಕರಾವಳಿ ಸುತ್ತಿ ಬರುವ ದಾರಿ ಅದರಲ್ಲಿ ಹಿಡಿಸಲೆಂದು ತಿರುವುಗಳ ಚುಕ್ಕಿಗಳನ್ನೆಲ್ಲ ಅಳಿಸಿದ್ದೆ; ಉಳಿದ ಚುಕ್ಕಿಗಳನ್ನು ಡಬ್ಬಿ ನೇರ ಗೆರೆಯಿಂದ ಸೇರಿಸಿತ್ತು. ಸಖರಾಯಪಟ್ಟಣ ದಾಟುತ್ತಲೇ ಪರದೆಯ ಗೆರೆ ನೆಟ್ಟಗೆ ಅಯ್ಯನಕೆರೆಯ ನೀರಿಗಿಳಿಯಿತು! ಕೆರೆಯ ಏರಿ ಮೇಲೆ ನಿಂತೆ. ಆ ನೀರು ದೂರದ ಗುಡ್ಡದ ಬುಡ ಮುಟ್ಟುತ್ತಿತ್ತು.

ಎಮ್ಮೆ ಮೈ ತೊಳೆಯುತ್ತಿದ್ದ ಹೆಂಗಸೊಬ್ಬರು ಬಂದು ಪರದೆ ನೋಡಿದರು.

“ಇದ್ರಲ್ಲಿ ನಮ್ ಕೆರೆ ಎಲ್ಲೈತ್ರೀ?”

“ಜಾಗ ಸಾಲ್ಲಿಲ್ಲ ಕಣಮ್ಮ.”

“ಇಷ್ಟಗಲ ಕೆರೆಗೆ ಜಾಗ ಇಲ್ವಾ? ಇನ್ನೇನಾದ್ರೂ ತೆಗೀರಿ ಕಣ್ರೀ!”

ಅಲ್ಲೇ ಕೂತು ಫೋನಿನಲ್ಲಿ ಕೆರೆ ಸುತ್ತ ಒಂದೊಂದೇ ಚುಕ್ಕಿ ಇಟ್ಟೆ. ಡಬ್ಬಿಗೆ ಕಳಿಸಿದರೆ ಅದು ಹಿಡಿಸುವುದಿಲ್ಲ ಎಂದಿತು. ಕೆರೆ ಬಿಡಲು ಮನಸ್ಸಾಗಲಿಲ್ಲ. ವಾಪಸ್ ಮನೆಗೆ ಬರುವ ಕೊನೆಯ ತುಂಡನ್ನೇ ಅಳಿಸಿದೆ. ಆ ದಾರಿ ತಪ್ಪಿದರೆ ಹೆಂಡತಿ ಹೇಗೂ ಫೋನ್ ಮಾಡಿ ಮನೆಗೆ ಕರೆಯುತ್ತಾಳೆ.