ಕಂಬ ಸಿಗದ ಮಳೆ

ಕಳೆದ ವಾರ ಮಂಗಳೂರಿನ ಶಕ್ತಿನಗರದಲ್ಲಿ ಮಗನ ಮನೆಯಲ್ಲಿದ್ದೆ. ಎಲ್‌ಕೆಜಿಯ ಮೊಮ್ಮಗಳಿಗೆ ನಾಲ್ಕು ಋತುಗಳ ಚಾರ್ಟ್ ಮಾಡಿ ತರಲು ಶಾಲೆಯಲ್ಲಿ ಹೇಳಿದ್ದರು. ಹೇಳುವುದು ಮಕ್ಕಳಿಗೆ, ಮಾಡುವುದು ಅಜ್ಜಿಯಂದಿರು. ಅಂಗಡಿಯಿಂದ ತಂದ ಗಮ್ಮು ಅರ್ಧದಲ್ಲೇ ಮುಗಿಯಿತು. "ಇರು ಮಾರಾಯ್ತಿ, ಅದಕ್ಕೆಂತ" ಎಂದು ಮೈದಾ ಕದಡಿ ಒಲೆಯ ಮೇಲಿಟ್ಟೆ. ಅಂಟು ಬೇಯುವ ವಾಸನೆ ಮೂಗಿಗೆ ಬಂದದ್ದೇ ತಡ, ನಾನು ಬೆಳೆದ ಜೆಪ್ಪುವಿನ ಆ ಜಗಲಿ... ನಾಲ್ಕು ಕಂಬ... ನಮ್ಮ ಟೀಚರ್‌ಬಾಯಿ. ಚಮಚ ಹಿಡಿದುಕೊಂಡು ನಿಂತೇಬಿಟ್ಟೆ. ಅಂಟು ತಳ ಹಿಡಿಯಿತು.

ಅರುವತ್ತರ ದಶಕದ ಆರಂಭ ಅದು. ನನಗೆ ಹದಿನೆಂಟು. ಅಪ್ಪ ಹೆಂಚಿನ ಕಾರ್ಖಾನೆಯಲ್ಲಿ ಮೇಸ್ತ್ರಿ. ಎಸ್ಸೆಸೆಲ್ಸಿ ಮುಗಿಸಿ ಮನೆಯಲ್ಲಿ ಕೂತು ಅಮ್ಮನಿಂದ ಬೈಸಿಕೊಳ್ಳುತ್ತಿದ್ದ ನನ್ನನ್ನು ಟೀಚರ್‌ಬಾಯಿ ಸಹಾಯಕ್ಕೆ ಕರೆದರು. ನಮ್ಮ ಓಣಿಯ ಕೊನೆಯಲ್ಲಿದ್ದ ಅವರ ಮನೆಯ ಜಗಲಿಯೇ ಶಾಲೆ. ಕಾರ್ಖಾನೆಯವರ, ಬಂದರಿನಲ್ಲಿ ದುಡಿಯುವವರ ಇಪ್ಪತ್ತು ಪುಟ್ಟ ಮಕ್ಕಳು. ಅವರವರ ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ. ಜಗಲಿ ಹತ್ತಿದರೆ ಎಲ್ಲರಿಗೂ ಟೀಚರ್‌ಬಾಯಿಯ ಕನ್ನಡ.

ಅವರಿಗೆ ಆಗ ಮೂವತ್ತನಾಲ್ಕು. ಮದುವೆ ಆಗಿರಲಿಲ್ಲ. ತಂದೆ ತೀರಿಹೋಗಿದ್ದರು, ಒಬ್ಬ ಅಣ್ಣ ಆಫ್ರಿಕಾದಲ್ಲಿ. ಒಳಕೋಣೆಯಲ್ಲಿ ಪಾರ್ಶ್ವವಾಯು ಬಡಿದು ಮಲಗಿದ ತಾಯಿ. ಓಣಿಯವರೆಲ್ಲ ಅವರನ್ನು ಬಾಯಮ್ಮ ಅನ್ನುತ್ತಿದ್ದೆವು. ಬಾಯಮ್ಮನಿಗೆ ಮಾತು ನಿಂತಿತ್ತು, ಬಲಗೈ ಏಳುತ್ತಿರಲಿಲ್ಲ. ಎಡಗೈಗೆ ಸಿಗುವ ಹಾಗೆ ಹಿತ್ತಾಳೆಯ ಒಂದು ಗಂಟೆ ಇಟ್ಟಿದ್ದರು. ನೀರು ಬೇಕಾದರೆ ಗಂಟೆ, ಮಗ್ಗುಲು ಬದಲಿಸಬೇಕಾದರೆ ಗಂಟೆ, ಸುಮ್ಮನೆ ಮಗಳ ಮುಖ ನೋಡಬೇಕು ಅನಿಸಿದರೂ ಗಂಟೆ. ಆರು ವರ್ಷಗಳಲ್ಲಿ ಟೀಚರ್‌ಬಾಯಿ ಆ ಗಂಟೆ ಕೇಳಿಸದಷ್ಟು ದೂರ ಹೋದದ್ದು ಭಾನುವಾರದ ಪೂಜೆಗೆ ಮಾತ್ರ. ಅದೂ ಇಗರ್ಜಿಗೆ, ಅಂದರೆ ಚರ್ಚಿಗೆ, ಓಡಿ ಹೋಗುವುದು, ಓಡಿ ಬರುವುದು.

ಒಮ್ಮೆ ಅಣ್ಣ ಕಳಿಸಿದ ಪಾರ್ಸೆಲಿನಲ್ಲಿ ಇಂಗ್ಲಿಷಿನ ಒಂದು ಚಿತ್ರಪುಸ್ತಕ ಬಂತು. ನಾಲ್ಕು ಋತು, ನಾಲ್ಕು ದೊಡ್ಡ ಚಿತ್ರ. ಇಪ್ಪತ್ತು ಮಕ್ಕಳ ಅಂಟುಕೈಗೆ ಒಂದು ಪುಸ್ತಕ ಕೊಟ್ಟರೆ ಮುಗಿಯಿತು ಕಥೆ. ಹಾಗಾಗಿ ನನ್ನಿಂದ ಅವನ್ನು ರಟ್ಟಿನ ಮೇಲೆ ದೊಡ್ಡದಾಗಿ ಬರೆಸಿ, ಮೈದಾ ಅಂಟು ಕಾಯಿಸಿ, ಜಗಲಿಯ ನಾಲ್ಕು ಕಂಬಗಳಿಗೆ ಅಂಟಿಸಿದರು. ಒಂದರಲ್ಲಿ ಹೂವು, ಒಂದರಲ್ಲಿ ಬಿಸಿಲು, ಒಂದರಲ್ಲಿ ಉದುರುವ ಎಲೆ. ಕೊನೆಯದರಲ್ಲಿ ಮಂಜಿನ ರಾಶಿಯಲ್ಲಿ ಆಡುವ ಮಕ್ಕಳು. ಬಂದರಿನಲ್ಲಿ ಉಪ್ಪಿನ ಮೂಟೆ ಹೊರುವವರ ಮಗಳೊಬ್ಬಳು ಅದನ್ನು ನೋಡಿ ಗಾಬರಿಯಾದಳು.

"ಟೀಚರ್, ಉಪ್ಪು ತುಳಿದ್ರೆ ಅವರಿಗೆ ಮನೆಯಲ್ಲಿ ಬೈಯುವುದಿಲ್ವಾ?"

"ಉಪ್ಪಲ್ಲ ಮಗಾ, ಮಂಜು ಅದು. ಮುಟ್ಟಿದ್ರೆ ತಣ್ಣಗೆ ಉಂಟಂತೆ. ನಾನೂ ನೋಡ್ಲಿಲ್ಲ" ಅಂದರು ಟೀಚರ್‌ಬಾಯಿ.

ಕಂಬದಾಟ ನಿಮಗೆ ಗೊತ್ತಿರಬಹುದು. ನಾಲ್ಕು ಕಂಬ, ಐದು ಮಕ್ಕಳು. ನಾಲ್ವರು ಒಂದೊಂದು ಕಂಬ ಹಿಡಿಯುವುದು, ಐದನೆಯವರು ನಡುವೆ. ಎಲ್ಲರೂ ಕಂಬ ಬದಲಿಸುವಾಗ ನಡುವಿನವರು ಒಂದನ್ನು ಹಾರಿಸಿಕೊಳ್ಳಬೇಕು. ಟೀಚರ್‌ಬಾಯಿ ಅದನ್ನೇ ಋತುವಿನ ಆಟ ಮಾಡಿದರು. ಹಿಡಿದ ಕಂಬದ ಋತುವಿನ ಹೆಸರು ಹೇಳಬೇಕು, ಅದರ ಅಭಿನಯ ಮಾಡಬೇಕು. ಮಂಜಿನ ಕಂಬದವರು ಹಲ್ಲು ಕಟಕಟ ಮಾಡಿ ನಡುಗುವುದು, ಎಲೆ ಕಂಬದವರು ಹಲಸಿನ ಹಣ್ಣೆಲೆ ಹಾರಿಸುವುದು. ಹೊರಗೆ ಜಡಿಮಳೆ ಹುಯ್ಯುತ್ತಿದ್ದ ಒಂದು ದಿನ, ನಡುವೆ ನಿಂತಿದ್ದ ಹುಡುಗಿ ಅಳುಮೋರೆ ಮಾಡಿ "ಮಳೆಗೆ ಕಂಬ ಇಲ್ವಾ ಟೀಚರ್?" ಅಂತ ಕೇಳಿದಳು. ಪುಸ್ತಕದಲ್ಲಿ ಇಲ್ಲದ್ದು ಕಂಬಕ್ಕೆ ಎಲ್ಲಿಂದ ಬರಬೇಕು? ಟೀಚರ್‌ಬಾಯಿ ತುಸು ಯೋಚಿಸಿ "ನೀನೇ ಮಳೆ. ಎಲ್ಲರನ್ನೂ ಓಡಿಸು" ಅಂದರು. ಅಷ್ಟೇ ಸಾಕಾಯಿತು. ಮರುದಿನದಿಂದ ಎಲ್ಲ ಮಕ್ಕಳಿಗೂ ಮಳೆಯೇ ಆಗಬೇಕು.

ಕಂಬ ಬದಲಿಸಲು ಸೂಚನೆ ಯಾವುದು ಗೊತ್ತೇ? ಬಾಯಮ್ಮನ ಗಂಟೆ. ಒಳಗೆ ಗಂಟೆ ಆದ ಕೂಡಲೇ ಮಕ್ಕಳು ಕೇಕೆ ಹಾಕಿ ಓಡುತ್ತಿದ್ದರು, ಟೀಚರ್‌ಬಾಯಿ ಒಳಗೆ ಓಡುತ್ತಿದ್ದರು. ಎಷ್ಟೋ ಸಲ ಮಕ್ಕಳು ಅವರನ್ನೇ ಎಳೆದು ನಡುವೆ ನಿಲ್ಲಿಸುತ್ತಿದ್ದರು. ಆದರೆ ಗಂಟೆಯಾದರೆ ಅವರು ಹೋಗಲೇಬೇಕಲ್ಲ. ನನಗೆ ನೆನಪಿರುವ ಹಾಗೆ ಅವರಿಗೆ ಒಂದು ಸಲವೂ ಕಂಬ ಸಿಗಲಿಲ್ಲ.

ಮದರಾಸಿನಲ್ಲಿ ಪುಟ್ಟ ಮಕ್ಕಳಿಗೆ ಕಲಿಸುವವರಿಗೆ ಒಂದು ವರ್ಷದ ತರಬೇತಿ ಇತ್ತು. ಅವರಿಗೆ ಎರಡು ಸಲ ಸೀಟು ಬಂದು, ಮನೆ ಬಿಡಲಾಗದೆ ಎರಡು ಸಲವೂ ಕೈತಪ್ಪಿ ಹೋಗಿತ್ತು. ಮೂರನೆಯ ಸಲ ಕಾಗದ ಬಂದಾಗ ನನ್ನನ್ನು ಅಡುಗೆಮನೆಗೆ ಕರೆದರು. ಮೂವತ್ತೈದು ದಾಟಿದರೆ ಸೇರಿಸಿಕೊಳ್ಳುವುದಿಲ್ಲ, ಇದೇ ಕೊನೆ ಅಂದರು. ರಾತ್ರಿಗೆ ದೂರದ ಸಂಬಂಧದ ಚಿಕ್ಕಮ್ಮ ಬಂದಿರಲು ಒಪ್ಪಿದ್ದಾರೆ, ಹಗಲಿಗೆ ಮಾತ್ರ ಜನ ಇಲ್ಲ.

"ಒಂದು ವರ್ಷ ನೀನು ನೋಡಿಕೊಳ್ತೀಯಾ? ನಿನ್ನನ್ನಾದರೆ ಅಮ್ಮ ಒಪ್ತಾರೆ."

"ಆಯ್ತು ಟೀಚರ್. ನೀವು ಹೋಗಿ ಬನ್ನಿ" ಅಂದೆ. ಮನಸ್ಸಿನಿಂದಲೇ ಅಂದೆ, ಆವತ್ತು.

ಅಟ್ಟದಿಂದ ಅವರ ತಂದೆಯ ಟ್ರಂಕು ಇಳಿಯಿತು. ತೊಳೆದು ಒಣಗಿಸಿ ಜಗಲಿಯಲ್ಲೇ ಇಟ್ಟರು. ಮಕ್ಕಳು ಅದರ ಮೇಲೆ ಹತ್ತಿ ಇಳಿದು ಆಡಿದರು. ಬಾಯಮ್ಮನಿಗೆ ಗಂಜಿ ಕುಡಿಸುವುದು, ಬೆನ್ನು ಒರಸುವುದು, ಹುಣ್ಣಾಗದ ಹಾಗೆ ಮಗ್ಗುಲಾಗಿಸುವುದು ಎಲ್ಲ ನನಗೆ ಕಲಿಸಿದರು. ಬಾಯಮ್ಮ ನನ್ನನ್ನು ಒಪ್ಪಿದರು, ಒಪ್ಪಿದ್ದೇ ಕಷ್ಟಕ್ಕೆ ಬಂತು. ಈಗ ಗಂಟೆ ಆದರೆ ನಾನು ಓಡಬೇಕು. ಮನೆಗೆ ಬಂದು ಊಟಕ್ಕೆ ಕೂತರೂ ಕಿವಿಯಲ್ಲಿ ಗಂಟೆ. ಆ ಕೋಣೆಯ ಒಂದೇ ಕಿಟಕಿ, ಎಣ್ಣೆಯ ವಾಸನೆ, ನನ್ನ ಮಣಿಕಟ್ಟು ಹಿಡಿದು ಬಿಡದ ಆ ಎಡಗೈ... ಹದಿನೈದೇ ದಿನಕ್ಕೆ ನನಗೆ ಉಸಿರು ಕಟ್ಟಿದ ಹಾಗಾಯಿತು. ಟೀಚರ್‌ಬಾಯಿ ಹಾಗೇ ಆರು ವರ್ಷ ಕಳೆದಿದ್ದರು.

ಅಷ್ಟರಲ್ಲಿ ನನಗೊಂದು ಸಂಬಂಧ ಬಂತು. ಹುಡುಗನಿಗೆ ಕುಂದಾಪುರದಲ್ಲಿ ಅಂಚೆ ಕಚೇರಿಯ ಕೆಲಸ. ಆಟಿ ತಿಂಗಳಲ್ಲಿ, ಅಂದರೆ ಆಷಾಢದಲ್ಲಿ, ಮದುವೆ ಮಾಡುವಂತಿಲ್ಲವಲ್ಲ, ಅದಕ್ಕೆ ಮೊದಲೇ ಮುಗಿಸಬೇಕು ಅಂತ ಅವರ ಕಡೆಯವರ ಅವಸರ. ಮನೆಯವರು ಬಲವಂತ ಮಾಡಿದರು ಎಂದು ಇಷ್ಟು ವರ್ಷ ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ಸುಳ್ಳು ಅದು. ಅಪ್ಪ ನನ್ನನ್ನು ಕರೆದು "ಟೀಚರಿಗೆ ಮಾತು ಕೊಟ್ಟಿದ್ದೀಯಲ್ಲ, ಒಂದು ವರ್ಷ ಕಾಯಿರಿ ಅಂತ ಹೇಳಲಾ?" ಎಂದು ಕೇಳಿದ್ದರು. ಗೋಡೆ ನೋಡಿಕೊಂಡು ನಿಂತೆ. ನಾಚಿಕೆ ಅಂತ ತಿಳಿದುಕೊಂಡು ಅಪ್ಪ ಮದುವೆ ಗೊತ್ತು ಮಾಡಿದರು.

ಟೀಚರ್‌ಬಾಯಿಗೆ ಹೇಳಲು ಧೈರ್ಯ ಸಾಲದೆ ನಾಲ್ಕು ದಿನ ಕಳೆದೆ. ಐದನೆಯ ದಿನ ಪಾಠದ ನಡುವೆಯೇ ಹೇಳಿದೆ. ಅವರು ಕಂಬದಿಂದ ಕಳಚಿಬಂದ ಮಂಜಿನ ಚಿತ್ರಕ್ಕೆ ಅಂಟು ಸವರುತ್ತಿದ್ದರು. ಮಕ್ಕಳು ಆಟಕ್ಕೆ ನಿಂತಿದ್ದರು.

"ಒಳ್ಳೆಯದಾಯ್ತಲ್ಲ. ಹುಡುಗ ಎಂತ ಮಾಡುವುದು?" ಎಂದು ಕೇಳಿದರು. ಹೇಳಿದೆ.

ಒಳಗೆ ಗಂಟೆಯಾಯಿತು. ಮಕ್ಕಳು ಓಡಿದರು. ಟೀಚರ್‌ಬಾಯಿ ಆ ಸಲ ಓಡಲಿಲ್ಲ. ಒಂದು ಕೈಯಲ್ಲಿ ಅಂಟಿನ ತಟ್ಟೆ, ಇನ್ನೊಂದು ಕೈಯಲ್ಲಿ ಕಂಬವನ್ನು ಹಿಡಿದುಕೊಂಡು ಸುಮ್ಮನೆ ನಿಂತರು. ಗಂಟೆ ಇನ್ನೊಮ್ಮೆ ಆಯಿತು. ಉಪ್ಪಿನವರ ಮಗಳು ಓಡಿ ಬಂದು ಅವರ ಸೆರಗು ಜಗ್ಗಿದಳು.

"ಟೀಚರ್, ಬಿಡಿ. ಅದು ನನ್ನ ಕಂಬ."

"ಹೌದಲ್ಲ ಮಗಾ" ಅಂದರು. ಕೈ ಬಿಟ್ಟು ಒಳಗೆ ಹೋದರು. ನಾನಾದರೂ ಆಗ ಒಳಗೆ ಹೋಗಬಹುದಿತ್ತು, ಹೋಗಲಿಲ್ಲ. ಮರುದಿನ ಜಗಲಿಯಲ್ಲಿ ಟ್ರಂಕು ಇರಲಿಲ್ಲ.

ಬಾಯಮ್ಮ ಮತ್ತೂ ಹನ್ನೊಂದು ವರ್ಷ ಬದುಕಿದರು. ತವರಿಗೆ ಬಂದಾಗಲೆಲ್ಲ ಓಣಿಯ ಆ ತುದಿಗೆ ಹೋಗದ ಹಾಗೆ ನಾನು ಬಳಸು ದಾರಿ ಹಿಡಿಯುತ್ತಿದ್ದೆ. ಒಮ್ಮೆ ಮಾತ್ರ ಟೀಚರ್‌ಬಾಯಿ ದಾರಿಯಲ್ಲೇ ಎದುರಾದರು. ತಲೆ ಅರ್ಧ ಬೆಳ್ಳಗಾಗಿತ್ತು. ನನ್ನ ಮಗನ ಕೆನ್ನೆ ಹಿಂಡಿ "ಶಾಲೆಗೆ ಹೋಗ್ತೀಯಾ?" ಅಂದರು. ನನ್ನಲ್ಲಿ ಏನೂ ಕೇಳಲಿಲ್ಲ. ಎರಡು ಬೈದಿದ್ದರೆ ನನಗೆ ಹಗುರಾಗುತ್ತಿತ್ತೇನೋ... ಅವರು ತೀರಿಕೊಂಡ ಸುದ್ದಿ ನನಗೆ ತಲುಪುವಾಗ ಏಳನೆಯ ದಿನದ ಪೂಜೆಯೂ ಕಳೆದಿತ್ತು.

ಮತ್ತೆ ಅಂಟು ಕಾಯಿಸಿ ಮುಗಿಸಿದ ಚಾರ್ಟ್ ಒಣಗಲು ಇಟ್ಟು, ಹಾಲ್‌ನಲ್ಲಿ ನಾಲ್ಕು ಕುರ್ಚಿ ಹಾಕಿ ಮೊಮ್ಮಗಳಿಗೆ ಕಂಬದಾಟ ಕಲಿಸಿದೆ. ಅವಳು ಒಂದು ಕುರ್ಚಿ ಹಿಡಿದಳು, ನಾನೊಂದು ಹಿಡಿದೆ. ಅವಳು ಮೋರೆ ಸಣ್ಣದು ಮಾಡಿದಳು.

"ಅಜ್ಜಿ, ಹೀಗಾದ್ರೆ ಆಟವೇ ಇಲ್ಲ. ಎಲ್ಲರಿಗೂ ಕಂಬ ಉಂಟಲ್ಲ. ಮಳೆ ಯಾರು?"

ನಾನು ಕುರ್ಚಿ ಬಿಟ್ಟು ನಡುವೆ ಹೋಗಿ ನಿಂತೆ. ಅವರು ಕೇಳಿದ್ದು ಒಂದು ವರ್ಷ... ಬರೀ ಒಂದು ವರ್ಷ.