ಬ್ರೇಕಕ್ಕನ ಸೀಟಿನ ಪಟ್ಟಿ

ಕಾರು ಕಲಿಸುವ ಆ ಹೆಂಗಸಿಗೆ ಊರಿನವರು ಬ್ರೇಕಕ್ಕ ಎಂದು ಹೆಸರಿಟ್ಟಿದ್ದರು. ಪಾಠ ಹೇಳುವಾಗ ಅವಳ ಬಾಯಿಂದ ಹೆಚ್ಚಾಗಿ ಬರುತ್ತಿದ್ದ ಮಾತು ಅದೊಂದೇ. ಗಂಟಲೂ ದೊಡ್ಡದಿತ್ತು. ಮಾರುಕಟ್ಟೆ ಬೀದಿಯಲ್ಲಿ ಅವಳು "ಬ್ರೇಕು" ಎಂದರೆ ಪಕ್ಕದಲ್ಲಿ ಹೋಗುತ್ತಿದ್ದ ಸೈಕಲ್ಲಿನವರೂ ಕಾಲೂರಿ ನಿಲ್ಲುತ್ತಿದ್ದರು. ಇದ್ದದ್ದು ಒಂದೇ ಹಳೆಯ ಬೂದು ಕಾರು. ಅದರಲ್ಲೇ ಅರ್ಧ ಊರು ಕಲಿತಿತ್ತು.

ಗಂಡ ದರ್ಜಿ. ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ಮಾತು ಕಡಿಮೆ. ಬಾಯಲ್ಲಿ ಯಾವಾಗಲೂ ಗುಂಡುಸೂಜಿ ಇರುತ್ತಿದ್ದುದರಿಂದ ಹೆಚ್ಚು ಮಾತಾಡುವುದು ಅಪಾಯವೂ ಆಗಿತ್ತು.

ತೊಂದರೆ ಶುರುವಾದದ್ದು ಕಾರು ಕಲಿಯಲು ಬರುತ್ತಿದ್ದ ಬೇಕರಿ ಯಜಮಾನರಿಂದ. ಮಾರುವ ತಿಂಡಿಯ ರುಚಿಯನ್ನು ತಾವೇ ನೋಡಿ ನೋಡಿ ಗುಡಾಣದಂತಾಗಿದ್ದ ಅವರು ಕಾರಿನಿಂದ ಇಳಿಯುವಾಗ ಮೊದಲು ಸೀಟಿನ ಅಂಚಿಗೆ ಜಾರಿ, ಅಲ್ಲೇ ಒಂದು ಗಳಿಗೆ ಕೂತು, ಉಸಿರೆಳೆದುಕೊಂಡು, ಆಮೇಲೆ ಏಳುತ್ತಿದ್ದರು. ಡ್ರೈವರ್ ಸೀಟಿನ ಪಕ್ಕ, ಬಾಗಿಲ ಕಡೆಗೆ, ಕಬ್ಬಿಣದ ಚೌಕಟ್ಟು ಕಾಣದಂತೆ ಒಂದು ಪ್ಲಾಸ್ಟಿಕ್ ಪಟ್ಟಿ ಇರುತ್ತದಲ್ಲ, ಒಂದು ದಿನ ಅದು ಲಟಕ್ಕೆಂದಿತು.

"ಏನೋ ಶಬ್ದ ಬಂತಲ್ಲಮ್ಮ" ಎಂದರು ಅವರು.

"ನಿಮ್ಮ ಮೊಣಕಾಲಿರ್ಬೇಕು" ಎಂದಳು ಬ್ರೇಕಕ್ಕ.

ಮೊಣಕಾಲಲ್ಲ ಎಂಬುದು ಮಾರನೆಯ ದಿನ ಗೊತ್ತಾಯಿತು. ಪಟ್ಟಿ ನಡುವೆ ಮುರಿದು, ಚೂಪಾದ ತುಂಡೊಂದು ಹಲ್ಲಿನಂತೆ ಹೊರಚಾಚಿತ್ತು. ಇಳಿಯಹೋದವರ ಪ್ಯಾಂಟು ಅದಕ್ಕೆ ಸಿಕ್ಕಿ ಹಿಂಭಾಗದಲ್ಲಿ ಪರ್ರನೆ ಹರಿಯಿತು. ಗಂಡ ಅಂಟು ಟೇಪು ಸುತ್ತಿಕೊಟ್ಟ. ಬಿಸಿಲಿಗೆ ಅಂಟು ಕರಗಿ, ಕಲಿಯುವವರೊಬ್ಬರು ಅದನ್ನು ಬಾಲದಂತೆ ಎಳೆದುಕೊಂಡು ಬ್ಯಾಂಕಿನವರೆಗೂ ಹೋಗಿಬಂದರು. ಪ್ಯಾಂಟು ಹರಿದವರಿಗೆಲ್ಲ ಬ್ರೇಕಕ್ಕ ನಾಚಿಕೆಯಿಂದ, "ನಮ್ಮನೆಯವರ ಹತ್ರ ಕೊಡಿ, ಹೊಲಿದು ಕೊಡ್ತಾರೆ" ಎನ್ನುತ್ತಿದ್ದಳು. ಅವನು ಹೊಲಿದರೆ ಭೂತಗನ್ನಡಿ ಹಿಡಿದರೂ ಹರಿದ ಜಾಗ ಸಿಗುತ್ತಿರಲಿಲ್ಲ. ಬಂದವರು, ಹೇಗೂ ಬಂದಾಯಿತಲ್ಲ ಎಂದು, ಹೊಸ ಅಂಗಿಗೂ ಅಳತೆ ಕೊಟ್ಟು ಹೋಗುತ್ತಿದ್ದರು.

ಒಂದು ಬೆಳಗ್ಗೆ ಪಾಠಕ್ಕೆ ಬಂದ ಔಷಧಿ ಅಂಗಡಿಯ ಹೆಂಗಸು ಇಳಿಯುವ ಮೊದಲು ಬಟ್ಟೆಯನ್ನು ಎರಡೂ ಕೈಯಲ್ಲಿ ಮುದುರಿ ಹಿಡಿದುಕೊಂಡು ನಕ್ಕಳು.

"ಒಳ್ಳೆ ವ್ಯವಸ್ಥೆ ಮಾಡ್ಕೊಂಡಿದ್ದೀರಿ ಕಣಕ್ಕಾ. ನೀವು ಹರೀತೀರಿ, ಯಜಮಾನ್ರು ಹೊಲೀತಾರೆ. ಊರೆಲ್ಲಾ ಅದೇ ಮಾತು."

ಬ್ರೇಕಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಸರಿಯಾಗಿ ಕಲಿಯದವರಿಗೆ "ನೀವಿನ್ನೂ ಪರೀಕ್ಷೆಗೆ ಹೋಗ್ಬೇಡಿ" ಎಂದು ಮುಖಕ್ಕೆ ಹೊಡೆದ ಹಾಗೆ ಹೇಳುವವಳು ಅವಳು. ಅವಳ ಮೇಲೆ ಇಂಥ ಮಾತು. ಮನೆಗೆ ಬಂದವಳೇ ಗಂಡನ ಹೊಲಿಗೆ ಯಂತ್ರದ ಮುಂದೆ ಸೊಂಟಕ್ಕೆ ಕೈಕೊಟ್ಟು ನಿಂತಳು.

"ರೀ, ಊರವರು ಏನಂತಿದ್ದಾರೆ ಗೊತ್ತಾ ನಿಮ್ಗೆ?"

ಅವನು ಬಾಯಿಂದ ಸೂಜಿಗಳನ್ನು ಒಂದೊಂದಾಗಿ ತೆಗೆದ. "ಗೊತ್ತು. ನನ್ನೆದುರಿಗೇ ಅಂದ್ರು."

"ನೀವೇನಂದ್ರಿ?"

"ಬಾಯಲ್ಲಿ ಸೂಜಿ ಇತ್ತು."

ರಜೆಯ ದಿನ ಇಬ್ಬರೂ ಊರಾಚೆಯ ಗುಜರಿಗೆ ಹೋದರು. ಅಲ್ಲಿನ ಮುದುಕ ಮುರಿದ ತುಂಡನ್ನು ತಿರುಗಿಸಿ ನೋಡಿ, "ಇಂಥದೇ ಕಾರು ಹಿಂದ್ಗಡೆ ಒಂದಿದೆ. ಆದ್ರೆ ಸೀಟು ಖಾಲಿ ಇಲ್ಲ" ಎಂದ.

ಹೋಗಿ ನೋಡಿದರೆ ಕಾರಿಗೆ ಚಕ್ರವಿಲ್ಲ, ಗಾಜಿಲ್ಲ. ಡ್ರೈವರ್ ಸೀಟಿನಲ್ಲಿ ಮಾತ್ರ ಒಂದು ಕೆಂಪು ಕೋಳಿ ಕಾವಿಗೆ ಕೂತಿತ್ತು. ಅದರ ಪಕ್ಕ ಪ್ಲಾಸ್ಟಿಕ್ ಪಟ್ಟಿ ಒಂದು ಗೀರೂ ಇಲ್ಲದೆ ನೆಟ್ಟಗಿತ್ತು. ಬಣ್ಣ ಮಾತ್ರ ಬೂದಲ್ಲ, ಕೆನೆ.

"ಮರಿ ಆದ್ಮೇಲೆ ಬನ್ನಿ" ಎಂದ ಮುದುಕ.

"ಆಗಲ್ಲ. ನಾಳೆ ಬೆಳಗ್ಗೆ ಪಾಠ ಇದೆ."

"ಹಾಗಾದ್ರೆ ಅವಳು ಏಳದ ಹಾಗೆ ಬಿಚ್ಕೊಳ್ಳಿ. ಎದ್ದಳೋ, ಪಟ್ಟಿ ಇಲ್ಲ."

ಬ್ರೇಕಕ್ಕ ಗೋಣಿ ಹಾಸಿ ನೆಲಕ್ಕೆ ಕೂತಳು. ಎರಡು ಸ್ಕ್ರೂ ಬಿಚ್ಚಬೇಕು, ಒಳಗಿನ ಕ್ಲಿಪ್ಪುಗಳನ್ನು ಚಪ್ಪಟೆ ಕಡ್ಡಿಯಿಂದ ಮೀಟಬೇಕು, ಸೀಟಿನ ಬೆನ್ನು ಒರಗಿಸುವ ಹಿಡಿಯನ್ನು ಕಳಚಬೇಕು. ಕೈ ಹತ್ತಿರ ಹೋದಾಗಲೆಲ್ಲ ಕೋಳಿ ಕುಕ್ಕಿತು. ಅದರ ಗಮನ ಬೇರೆಡೆಗೆ ಸೆಳೆಯಲು ಗಂಡ ಕೊರಳಲ್ಲಿದ್ದ ಅಳತೆಯ ಟೇಪನ್ನು ಆಡಿಸಿದ. ಕೋಳಿ ಟೇಪಿನ ತುದಿಯನ್ನು ಕಚ್ಚಿ ಹಿಡಿಯಿತು, ಬಿಡಲೊಲ್ಲದು. ಅದನ್ನು ಬಿಡಿಸಲು ಬಗ್ಗಿದವನು ಮುಗ್ಗರಿಸಿ, ಆಸರೆಗೆ ಆ ಹಿಡಿಯನ್ನೇ ಎಳೆದ. ಸೀಟಿನ ಬೆನ್ನು ಧಡಾರನೆ ಹಿಂದಕ್ಕೆ ಮಲಗಿತು.

"ಬ್ರೇಕು" ಎಂದು ಕೂಗಿದಳು ಬ್ರೇಕಕ್ಕ, ಅಭ್ಯಾಸಬಲದಿಂದ.

ಮೂವರೂ ಕೋಳಿಯತ್ತ ನೋಡಿದರು. ಕೋಳಿ ಟೇಪನ್ನು ಉಗುಳಿ, ಹಿಂದಕ್ಕೊಮ್ಮೆ ನೋಡಿ, ರೆಕ್ಕೆ ಸರಿಮಾಡಿಕೊಂಡು ಮೊಟ್ಟೆಗಳ ಮೇಲೆ ಇನ್ನಷ್ಟು ಭದ್ರವಾಗಿ ಕೂತಿತು.

"ಇಷ್ಟು ಸಮಾಧಾನವಾಗಿ ಕೂತ್ಕೊಳ್ಳೋರು ನನ್ನ ಹತ್ರ ಒಬ್ರೂ ಕಲಿಯೋಕೆ ಬಂದಿಲ್ಲ" ಎಂದು ಬ್ರೇಕಕ್ಕ ಬೆವರೊರೆಸಿಕೊಂಡಳು. ಸ್ವಲ್ಪ ಹೊತ್ತಿನಲ್ಲಿ ಪಟ್ಟಿ ಕೈಗೆ ಬಂತು. ಕೈ ತುಂಬ ಕುಕ್ಕಿದ ಗಾಯ.

ಮನೆಯಲ್ಲಿ ಕೂರಿಸುವಾಗ ಒಂದು ಕ್ಲಿಪ್ಪು ಅವಳ ಬೆರಳಲ್ಲೇ ಮುರಿಯಿತು. ಗಂಡ ಒಳಗೆ ಹೋಗಿ ದಪ್ಪನೆಯ ಪ್ರೆಸ್ ಬಟನ್ ತಂದ. ಕಾಯಿಸಿದ ಸೂಜಿಯಿಂದ ಪ್ಲಾಸ್ಟಿಕ್ಕಿಗೆ ತೂತು ಕೊರೆದು ಬಟನ್ನಿನ ಒಂದು ಭಾಗವನ್ನು ಅಲ್ಲಿಗೆ, ಇನ್ನೊಂದನ್ನು ಸೀಟಿನ ಬಟ್ಟೆಗೆ ಹೊಲಿದ. ಒತ್ತಿದರೆ ಟಕ್ಕೆಂದು ಕೂತಿತು. ಬೂದು ಸೀಟಿಗೆ ಕೆನೆ ಪಟ್ಟಿ, ಬೇರೆಯವರ ಹಲ್ಲಿನ ಸೆಟ್ಟು ಹಾಕಿಕೊಂಡ ಹಾಗಿತ್ತು, ಆದರೂ ಅಲುಗಾಡಲಿಲ್ಲ.

"ಬೇಜಾರಾ? ಇನ್ಮೇಲೆ ನಿಮ್ಗೆ ಗಿರಾಕಿ ಕಮ್ಮಿ" ಎಂದಳು.

"ನಂಗೂ ಸಾಕಾಗಿತ್ತು ಕಣೆ. ಎಲ್ರದ್ದೂ ಒಂದೇ ಜಾಗ."

ಮರುದಿನ ಬೇಕರಿ ಯಜಮಾನರು ಪಾಠ ಮುಗಿಸಿ, ಬಾಗಿಲು ತೆಗೆದು, ಎಂದಿನಂತೆ ಅಂಚಿಗೆ ಜಾರಿದರು.  ಬ್ರೇಕಕ್ಕ ಹಾರಿ ಇಳಿದು, ಕಾರನ್ನು ಸುತ್ತಿ ಓಡಿಬಂದು, ಅವರ ಭುಜ ಹಿಡಿದು ಒಳಕ್ಕೆ ನೂಕಿದಳು. ಇಷ್ಟು ವರ್ಷ ದಿಣ್ಣೆ ಹತ್ತಿಸುವುದು, ಹಿಂದಕ್ಕೆ ತೆಗೆಯುವುದು, ಸಂದಿಯಲ್ಲಿ ನಿಲ್ಲಿಸುವುದು ಎಲ್ಲ ಕಲಿಸಿದ್ದಳು. ಇಳಿಯುವುದನ್ನು ಯಾರಿಗೂ ಹೇಳಿಕೊಟ್ಟಿರಲಿಲ್ಲ. ಅದು ಆಗ ತಲೆಗೆ ಹೊಳೆಯಿತು.

"ಮೊದ್ಲು ಕಾಲೆರಡೂ ನೆಲಕ್ಕೆ. ಕೈ ಮೇಲಿನ ಚೌಕಟ್ಟಿಗೆ. ಅಂಚಲ್ಲಿ ಕೂರೋ ಹಾಗಿಲ್ಲ, ಒಂದೇ ಸಲಕ್ಕೆ ಏಳ್ಬೇಕು."

ಯಜಮಾನರು ಎದ್ದರು. ಸರಿಬರಲಿಲ್ಲ. ಮತ್ತೆ ಹತ್ತಿಸಿದಳು, ಮತ್ತೆ ಇಳಿಸಿದಳು. ಬೀದಿಯಲ್ಲಿ ಹೋಗುವವರು ನಿಂತು ನೋಡತೊಡಗಿದರು. ಕಾರು ನಿಂತಲ್ಲೇ ಇತ್ತು, ಬೆವರು ಮಾತ್ರ ಧಾರಾಕಾರ.

"ಅಮ್ಮ, ಓಡ್ಸೋದೇ ಇದಕ್ಕಿಂತ ಸುಲಭ ಇತ್ತು" ಎಂದರು ಅವರು ಏದುಸಿರು ಬಿಡುತ್ತಾ.

"ಚೆನ್ನಾಗ್ ಬರ್ತಿದೆ" ಎಂದಳು ಬ್ರೇಕಕ್ಕ. "ಇನ್ನೊಂದ್ಸಲ ಹತ್ತಿ."