ಡೀಸೆಲ್ ಟ್ಯಾಂಕಿನ ಪಕ್ಕದ ಗೊಂಡೆ

ಗೆಳೆಯರೇ, ಸ್ವಲ್ಪದರಲ್ಲೇ ಬಚಾವಾದೆ.

ಇವತ್ತು ಶಹಾಪುರದ ನಮ್ಮ ಮನೆಯಂಗಳದಲ್ಲಿ, ಲಾರಿಯ ಕೆಳಗೆ ಮಲಗಿ ಹೊಸ ಸೈಲೆನ್ಸರ್‌ಗೆ ವೆಲ್ಡಿಂಗ್ ಮಾಡುತ್ತಿದ್ದೆ. ಕೆಲಸ ಕಲಿತದ್ದು ಮೊನ್ನೆ, ಫೋನಿನಲ್ಲಿ ವಿಡಿಯೊ ನೋಡಿ. ಡೀಸೆಲ್ ಟ್ಯಾಂಕಿಗೆ ಒದ್ದೆ ಗೋಣಿಚೀಲವನ್ನೇನೋ ಹೊದಿಸಿದ್ದೆ. ಪಕ್ಕದಲ್ಲೇ ಲಾರಿಗೆ ದೃಷ್ಟಿ ತಾಗದಿರಲೆಂದು ಕಟ್ಟಿದ್ದ ಕಪ್ಪು ದಾರದ ಗೊಂಡೆ ಮಾತ್ರ ನೆನಪಾಗಲಿಲ್ಲ. ಸುಟ್ಟ ವಾಸನೆ ಬಂತು. ವೆಲ್ಡಿಂಗ್ ಅಂದರೆ ಹೀಗೇ ಇರಬೇಕು ಅಂದುಕೊಂಡೆ.

"ಹೊರಗ ಬರ್ರೀ! ಟ್ಯಾಂಕಿನ ಬಾಜೂಕ ಗೊಂಡಿ ಉರಿಯಾಕತ್ತದ!"

ಹೆಂಡತಿ ಕೂಗುತ್ತಲೇ ವೆಲ್ಡಿಂಗ್ ಮಶೀನು ಬಂದ್ ಮಾಡಿದಳು. ನಾನು ತೆವಳಿ ಹೊರಬರುವಷ್ಟರಲ್ಲಿ ಗೊಂಡೆ ಕಿತ್ತು, ಚಪ್ಪಲಿಗಾಲಿನಲ್ಲಿ ತುಳಿದು ಆರಿಸಿದ್ದಳು.

ಸಂಜೆ ಹೊಸ ಗೊಂಡೆ ತಂದಳು.

"ಲಾರಿಗಿ ಬ್ಯಾಡ. ಮೊದಲ ನಿಮ್ಮ ಕೈ ಚಾಚ್ರಿ."

ಈಗ ಗೊಂಡೆ ನನ್ನ ಮಣಿಕಟ್ಟಿನಲ್ಲಿದೆ, ಲಾರಿಯೋ ಮೇಸ್ತ್ರಿಯ ಗ್ಯಾರೇಜಿನಲ್ಲಿದೆ.